ಹಿಮದಲ್ಲಿ ಕೂತು ಮುಲುಂಡಿನ ಬಸಳೆ

ಪುರುಸೊತ್ತಿಲ್ಲ ಎಂದು ಗೊಣಗುವುದು ಮುಂಬಯಿಯವರಾದ ನಮ್ಮ ಜನ್ಮಸಿದ್ಧ ಹಕ್ಕು. ಬ್ಯಾಂಕಿನ ನೌಕರಿಯಲ್ಲಿದ್ದಷ್ಟು ಕಾಲವೂ ಆ ಹಕ್ಕನ್ನು ನಾನು ಧಾರಾಳವಾಗಿ ಚಲಾಯಿಸಿದೆ. ನಿವೃತ್ತನಾದ ಮೇಲೂ ಬಿಡಲಿಲ್ಲ. ಮುಲುಂಡಿನ ನಮ್ಮ ಬಿಲ್ಡಿಂಗಿನ ಕೆಳಗೆ ಯಾರಾದರೂ ಸಿಕ್ಕಿ, “ಕ್ಯಾ ಅಂಕಲ್, ಟೈಂಪಾಸ್ ಹೋತಾ ಹೈ?” ಎಂದರೆ, ಸಾಯಲಿಕ್ಕೂ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಪುರುಸೊತ್ತು ಎಂಬುದು ಎಂಥ ಭಯಂಕರ ವಸ್ತುವೆಂದು ನನಗೆ ಗೊತ್ತಾದದ್ದು ಹೋದ ವರ್ಷ, ಹೆಂಡತಿ ಸುಮತಿ ಚಳಿಗಾಲ ಕಳೆಯಲು ಕೆನಡಾಕ್ಕೆ ಹೋದಾಗ. ಪುರುಸೊತ್ತು ಸಿಕ್ಕಿದ್ದು ಅವಳಿಗೆ, ಅನುಭವಿಸಿದ್ದು ನಾನು.

ಅವಳು ಹೋದದ್ದು ಮಗಳ ಬಾಣಂತನಕ್ಕೆ. ಮೆಂತೆ, ಓಮ, ಎಣ್ಣೆ, ಕಷಾಯದ ಪುಡಿ ಎಂದು ಒಂದು ಸೂಟ್‌ಕೇಸು ತುಂಬ ಉತ್ಸಾಹ ಕಟ್ಟಿಕೊಂಡು ಹೋಗಿದ್ದಳು. ಅಲ್ಲಿ ನೋಡಿದರೆ ಮಗಳದು ಎಲ್ಲವೂ ಡಾಕ್ಟರು ಹೇಳಿದ ಪ್ರಕಾರ. ಮಗು ಅತ್ತ ಕೂಡಲೇ ಎತ್ತಬಾರದು, ತೂಗಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು. “ಮಮ್ಮಿ, ತು ಬಸ್ ರೆಸ್ಟ್ ಕರ್. ನೀನು ಎಂತ ಸಹ ಮಾಡ್ಬೇಡ” ಎಂದಳಂತೆ. ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಣಗಿಸಲು ಯಂತ್ರ. ಹೊರಗೆ ಕಿಟಕಿಯ ಅರ್ಧದವರೆಗೆ ಹಿಮ. ಮೂವತ್ತು ವರ್ಷ ನಾಲ್ಕೂವರೆಗೆ ಎದ್ದು ಡಬ್ಬಾ ಕಟ್ಟಿದ ಹೆಂಗಸಿಗೆ ರೆಸ್ಟ್ ಮಾಡು ಎನ್ನುವುದು, ಮೀನಿಗೆ ಸ್ವಲ್ಪ ಹೊತ್ತು ದಡದಲ್ಲಿ ಕೂತಿರು ಎಂದ ಹಾಗೆ.

ಆದರೂ ಅವಳು ಸುಲಭಕ್ಕೆ ಸೋಲುವವಳಲ್ಲ. ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ಅಳಿಯನ ಸ್ವೆಟರನ್ನು ಪಾತ್ರೆಗೆ ತೊಡಿಸಿದಳು. ಮಡಚಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದಳು. ಒಂದು ದಿನ ಬಾಗಿಲ ಮುಂದಿನ ಹಿಮದ ಮೇಲೆ ರಂಗೋಲಿ ಹಾಕಲು ಹೊರಟಳು. ಬಿಳಿಯ ಮೇಲೆ ಬಿಳಿ ಕಾಣುವುದುಂಟೇ? ಅರಿಶಿನ ಕದಡಿದ ನೀರಿನಲ್ಲಿ ಎಳೆ ಬಿಟ್ಟಳು. ಅರ್ಧ ಗಂಟೆಯಲ್ಲಿ, ಹಿಮದ ಮೇಲಿನ ಹಳದಿ ನೋಡಿದ ಪಕ್ಕದ ಮನೆಯಾಕೆ ತನ್ನ ನಾಯಿಯನ್ನು ಎಳೆದುಕೊಂಡು ಬಂದು, ನಮ್ಮವನು ಹೀಗೆ ಮಾಡುವವನಲ್ಲ, ದಯವಿಟ್ಟು ಕ್ಷಮಿಸಿ ಎಂದು ಕೈ ಹಿಡಿದುಕೊಂಡಳಂತೆ. ಅಲ್ಲಿಗೆ ರಂಗೋಲಿ ನಿಂತಿತು.

ಆಮೇಲೆ ಅವಳ ದೃಷ್ಟಿ ಮುಲುಂಡಿನ ಮೇಲೆ ಬಿತ್ತು. ನಾನಾದರೋ, ಅವಳು ವಿಮಾನ ಹತ್ತಿದ ದಿನದಿಂದ ಬ್ರಹ್ಮಚಾರಿಯ ಸುಖದಲ್ಲಿದ್ದೆ. ತಡವಾಗಿ ಏಳುವುದು, ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗುವುದು, ಉಡುಪಿ ಹೋಟೆಲಿನಲ್ಲಿ ಬನ್ಸು, ಮಸಾಲೆ ದೋಸೆ, ಎರಡು ಕಾಫಿ. ಈಗ ಹೊತ್ತಿಲ್ಲದ ಹೊತ್ತಿನಲ್ಲಿ ವೀಡಿಯೋ ಕಾಲ್ ಬರತೊಡಗಿತು. “ಫೋನು ಅಡುಗೆಮನೆಗೆ ತಕ್ಕೊಂಡು ಹೋಗಿ. ಗ್ಯಾಸಿನ ಕಡೆ ತೋರ್ಸಿ.” ತೋರಿಸಿದೆ. ಸಂಸಾರಸ್ಥ ಗಂಡಸೊಬ್ಬ ಒಲೆಯನ್ನು ಅಷ್ಟು ಚೊಕ್ಕವಾಗಿ ಇಟ್ಟದ್ದು ನೋಡಿ ಹೆಮ್ಮೆಪಟ್ಟಾಳು ಎಂದುಕೊಂಡಿದ್ದೆ. “ಒಂದು ಹಾಲಿನ ಕಲೆ ಸಹ ಇಲ್ಲ. ಬೆಳಿಗ್ಗೆ ಎಲ್ಲಿ ತಿಂದದ್ದು ಮಾರಾಯ್ರೆ?” ಎಂದಳು. ಏಳು ಸಮುದ್ರದಾಚೆ ಕೂತವಳಿಗೆ ಸುಳ್ಳು ಹೇಳಲೂ ನನಗೆ ಬರಲಿಲ್ಲ. ಮರುದಿನದಿಂದ ಅವಳ ನಿರ್ದೇಶನದಲ್ಲಿ ಗಂಜಿ, ಚಟ್ನಿ. ಮನೆಗೆಲಸದ ಹೆಂಗಸು ಕೂಡ ಸೋಫಾದ ಕೆಳಗೆ ಗುಡಿಸಿದ್ದನ್ನು ಫೋನಿಗೇ ಒಪ್ಪಿಸತೊಡಗಿದಳು. ಫೋನು ಹಿಡಿದು ನಿಲ್ಲುವುದಷ್ಟೇ ನನ್ನ ಪಾಲಿನ ಗೃಹಸ್ಥಾಶ್ರಮ.

ಮಾರ್ಕೆಟಿಗೂ ಅವಳನ್ನು ಕರೆದೊಯ್ಯಬೇಕಾಯಿತು. ಸ್ಟೇಷನ್ ರೋಡಿನ ಸಂಜೆಯ ಗರ್ದಿಯಲ್ಲಿ, ಜನರ ನೂಕಾಟದ ನಡುವೆ, ನಾನು ಫೋನು ಎತ್ತಿ ಹಿಡಿದಿದ್ದೆ. ಕೆನಡಾದಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಅವಳು ಶಾಲು ಹೊದ್ದು, ತಾನು ತಿನ್ನದ ಬಸಳೆಗೆ ಮುಲುಂಡಿನ ತರಕಾರಿ ಮಾರುವ ಮಾವಶಿಯ ಜೊತೆ ಚೌಕಾಶಿಗಿಳಿದಳು. “ಕಾಯ್ ತಾಯಿ, ತಿಥೂನ್ ಪಣ್ ಭಾವ್ ಕರ್ತಾ?” ಅಲ್ಲಿಂದಲೂ ಚೌಕಾಶಿಯೇ ಎಂದು ಮಾವಶಿ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡೇ ಪುಕ್ಕಟೆ ಕೊತ್ತಂಬರಿಯನ್ನೂ ಚೀಲಕ್ಕೆ ತುರುಕಿದಳು. ಸುತ್ತ ನಿಂತವರೆಲ್ಲ ನಗುತ್ತಿದ್ದರು. ನಾನು ಫೋನು ಇಡಲು ಹೋದೆ.

“ಇಡ್ಬೇಡಿ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಳ್ಳಿ. ಎಂತ ಸಹ ಮಾತಾಡುದು ಬೇಡ. ಜನ ಹೋಗುದು ಬರುದು ನೋಡ್ತೇನೆ.”

ನನಗೆ ಅಯ್ಯೋ ಪಾಪ ಅನಿಸಿತು. ಅನಿಸಿದ್ದನ್ನು ಹೇಳಿಬಿಡುವ ಅಭ್ಯಾಸ ನಮ್ಮಂಥ ಗಂಡಂದಿರಿಗೆ ಇಲ್ಲವಲ್ಲ; “ನಿನಗೆ ಬೇರೆ ಕೆಲಸ ಇಲ್ಲವಾ?” ಎಂದೆ.

“ಇಲ್ಲ” ಎಂದಳು.

ಈ ಬಸಳೆಯ ಕಥೆಯನ್ನು ಮಾಟುಂಗದ ಗೆಳೆಯರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳಿ, ಚೆನ್ನಾಗಿ ನಗಿಸಿದ್ದೆ. ಅದು ಅವಳ ಕಿವಿಗೆ ಬೀಳದೆ ಇರುತ್ತದೆಯೇ? ಊರಿಗೆ ಬಂದವಳು ಏನೂ ಅನ್ನಲಿಲ್ಲ. ಈ ಸಲ ಮಗಳು ಕೆಲಸಕ್ಕೆ ಸೇರಿ, ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದಾಗ ಮಾತ್ರ ಸುಮತಿ ಬಾಯಿ ತೆರೆದಳು. “ನನ್ನ ಮೊಣಕಾಲಿಗೆ ಆ ಚಳಿ ಆಗುದಿಲ್ಲ. ಇವರು ಬರ್ತಾರೆ. ಇವರಿಗೆ ಅಲ್ಲಿ ಟೈಂಪಾಸ್ ಚಂದ ಆಗ್ತದೆ.”

ಹಾಗೆ ಈ ಚಳಿಗಾಲದಲ್ಲಿ ಕೆನಡಾದಲ್ಲಿ ನಾನಿದ್ದೇನೆ. ಮೊಮ್ಮಗಳು ದಿನಕ್ಕೆ ಎರಡು ಸಲ ನಿದ್ದೆ ಮಾಡುತ್ತಾಳೆ. ಆಗ ಕಿಟಕಿಯ ಹಿಮವನ್ನು ನಾನು ನೋಡುತ್ತೇನೆ, ನನ್ನನ್ನು ಕಿಟಕಿಯ ಹಿಮ. ಹಿಮ ತೆಗೆಯುವ ಗಾಡಿ ಬಂದ ದಿನ ನಮಗೆ ಹಬ್ಬ. ಮೊನ್ನೆ ತಡೆಯಲಾರದೆ ಸುಮತಿಗೆ ಫೋನು ಮಾಡಿದೆ. ಅವಳು ಸ್ಟೇಷನ್ನಿನ ಪಕ್ಕದಲ್ಲೇ ಇದ್ದಳು. ಬ್ರಿಜ್ಜಿನ ಮೇಲೆ ಹತ್ತಿ ಒಂದೇ ಒಂದು ಲೋಕಲ್ ತೋರಿಸು ಎಂದು ಕೇಳಿದೆ.

“ನಿಮಗೆ ಮರ್ಲಾ, ತಲೆ ಕೆಟ್ಟಿದಾ? ಜನ ಎಂತ ಹೇಳಿಯಾರು? ನಂಗೆ ಮನೆಯಲ್ಲಿ ಕೆಲಸ ಉಂಟು” ಎಂದು ಬೈದಳು. ಬೈಯುತ್ತಲೇ, ಆ ಮೊಣಕಾಲಿನಲ್ಲೇ, ಹತ್ತಿದಳು.

ಕಲ್ಯಾಣ ಲೋಕಲ್ ಬಂತು. ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಪ್ಲಾಟ್‌ಫಾರ್ಮಿನವರೆಲ್ಲ ಒಮ್ಮೆಲೇ ಮುಂದೆ ಸರಿದರು. ನಾನೂ ಸೋಫಾ ಬಿಟ್ಟು ಎದ್ದು ನಿಂತುಬಿಟ್ಟಿದ್ದೆ. ತೊಡೆಯ ಮೇಲಿದ್ದ ಮೊಮ್ಮಗಳನ್ನು, ಗರ್ದಿಯಲ್ಲಿ ಬ್ಯಾಗು ಹಿಡಿಯುವಂತೆ, ಎದೆಗೆ ಅವುಚಿಕೊಂಡಿದ್ದೆ. ಕೆಲಸಕ್ಕೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತಳು.

“ಪಪ್ಪಾ, ಕಿಧರ್? ಎಲ್ಲಿಗೆ ಹೋಗುದು?”

“ಎಲ್ಲಿಗೂ ಇಲ್ಲ” ಎಂದು ಕೂತೆ. ಕೂರಲು ಜಾಗಕ್ಕೇನೂ ಕೊರತೆಯಿರಲಿಲ್ಲ.