ಅಧ್ಯಕ್ಷರ ನೂರು ಮೀಟರ್ ಓಟ

ಡಾಕ್ಟರು ಅಧ್ಯಕ್ಷರಿಗೆ "ದಿನಾ ಸ್ವಲ್ಪ ನಡೀರಿ" ಅಂದಿದ್ದೇ ಎಲ್ಲ ಎಡವಟ್ಟಿಗೂ ಮೂಲ. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರೆಂದರೆ ಸಾಮಾನ್ಯರೇ? ನಡೆಯಿರಿ ಅಂದರೆ ಓಡಿಯೇ ಬಿಟ್ಟರು. ಬಿಳಿ ಬೂಟು ಕೊಂಡರು, ಮನೆಯ ಸುತ್ತ ಒಂದು ತಿಂಗಳು ಸುತ್ತಿದರು. ಕ್ರೀಡಾದಿನದ ಬೆಳಿಗ್ಗೆ ಪ್ರಿನ್ಸಿಪಾಲರಿಗೆ ಫೋನು ಮಾಡಿ, "ಐವತ್ತು ದಾಟಿದವರಿಗೆ ಒಂದು ಓಟ ಇಡಿ. ಅತಿಥಿಗಳೂ ಬರಲಿ. ನಾನೂ ಓಡ್ತೀನಿ" ಅಂದರು.

ಪ್ರಿನ್ಸಿಪಾಲರು ಕೋಚನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದರು.

"ಏನ್ರೀ, ನಿಮ್ಮ ಕೆಲಸ ಖಾಯಂ ಮಾಡೋ ವಿಷಯ ಇವತ್ತು ಸಂಜೆ ಮೀಟಿಂಗಲ್ಲಿದೆ. ಗೊತ್ತಲ್ಲ?"

"ಗೊತ್ತು ಸಾರ್."

"ಅಧ್ಯಕ್ಷರು ಗೆಲ್ಲಬೇಕು."

"ಸಾರ್, ಓಟ ಅಂದ್ಮೇಲೆ..."

"ಓಟ ಅಂದ್ಮೇಲೆ ಯಾರಾದ್ರೂ ಒಬ್ರು ಗೆಲ್ಲಲೇಬೇಕಲ್ರೀ. ಅವರೇ ಗೆಲ್ಲಲಿ. ನಿಮಗೇನು ಕಷ್ಟ?"

ಕೋಚು ಒಂಬತ್ತು ವರ್ಷದಿಂದ ತಾತ್ಕಾಲಿಕ. ಅಷ್ಟರಲ್ಲಿ ಅವನ ಉದ್ದಜಿಗಿತದ ಮರಳು ಹೊಸ ಶೌಚಾಲಯದ ಗೋಡೆಗೆ ಹೋಗಿತ್ತು. ಹರ್ಡಲ್ಸ್‌ಗಳು ಆಫೀಸಿನ ಮುಂದೆ ಫೀಸು ಕಟ್ಟುವವರ ಸಾಲು ಕಾಯುತ್ತಿದ್ದವು. ಜಾವೆಲಿನ್ ಹಿಡಿದು ಜವಾನ ಜೇಡರಬಲೆ ತೆಗೆಯುತ್ತಿದ್ದ. ಆದರೂ ಹುಡುಗರು ಹೇಗೋ ಪದಕ ತರುತ್ತಿದ್ದರು, ಪೇಪರಿನ ಫೋಟೋದಲ್ಲಿ ಪ್ರಿನ್ಸಿಪಾಲರು ನಿಲ್ಲುತ್ತಿದ್ದರು. ಪಾಪ, ಇಷ್ಟೆಲ್ಲ ನುಂಗಿಕೊಂಡವನಿಗೆ ಇದೊಂದು ನುಂಗುವುದು ದೊಡ್ಡದಲ್ಲ. "ಆಯ್ತು ಸಾರ್" ಅಂದ.

ಹೆಸರು ಕೊಟ್ಟಿದ್ದ ಸಹೋದ್ಯೋಗಿಗಳು ಮೂವರು. ಕೋಚು ಒಬ್ಬೊಬ್ಬರ ಬಳಿಯೂ ಹಲ್ಲು ಗಿಂಜಿದ.

"ಸೋಲೋಕೆ ನಂದೇನೂ ಅಭ್ಯಂತರ ಇಲ್ಲಪ್ಪ," ಅಂದರು ಲೈಬ್ರೇರಿಯನ್. "ನನ್ನ ಮಗಳನ್ನ ರಿಲೇ ಟೀಮಿಗೆ ಹಾಕ್ಕೊಳ್ಳಿ, ಸಾಕು."

ಮೆಟ್ಟಿಲು ಹತ್ತಿದರೇ ಆ ಹುಡುಗಿಗೆ ಏದುಸಿರು. ಕೋಚು ಹೂಂಗುಟ್ಟಿದ.

ಹೆಡ್ ಕ್ಲರ್ಕು, "ನಾನು ಬೀಳ್ತೀನಿ. ಆದ್ರೆ ಬಿದ್ದಿದ್ದಕ್ಕೆ ಎರಡು ದಿನ ರಜೆ ಕೊಡಿಸ್ಬೇಕು" ಅಂದರು.

ಗಣಿತದ ಮೇಷ್ಟ್ರದು ಬೇರೆಯೇ ತೊಂದರೆ. "ಅವರಿಗಿಂತ ನಿಧಾನ ಓಡೋದು ಹೇಗ್ರೀ? ನಿಂತ್ಕೊಂಡ್ರೂ ನಾನೇ ಮುಂದೆ ಇರ್ತೀನಲ್ಲ!"

ಅವರನ್ನೂ ಹೇಗೋ ಒಪ್ಪಿಸಿ ಕೋಚು ಉಸಿರು ಬಿಡುವಷ್ಟರಲ್ಲಿ ಗೇಟಿನಿಂದ ಹೆಂಡತಿ ಬಂದಳು. ಅವಳ ಹಿಂದೆ ಮಾವ. ಊರೆಲ್ಲ ಕಾಗದ ಹಂಚಿ ನಿವೃತ್ತರಾದ ಪೋಸ್ಟ್‌ಮ್ಯಾನ್; ಈಗಲೂ ಸುಮ್ಮನೆ ಕೂರುವ ಕಾಲಲ್ಲ. ಬಂದವರೇ ಪ್ಯಾಂಟು ಮಡಚತೊಡಗಿದರು.

"ಅಳಿಯಂದ್ರೇ, ನಾನೂ ಓಡ್ತೀನಿ."

ಕೋಚು ಬಗ್ಗಿ ಆ ಮಡಿಕೆ ಬಿಡಿಸಹೋದ. "ಬೇಡಿ ಮಾವ, ಬಿಸಿಲು ಜಾಸ್ತಿ."

"ಬಿಸಿಲು ನನಗೆ ಹೊಸದೇನ್ರೀ? ಇದು ನಿಮ್ಮ ಮರ್ಯಾದೆ ಪ್ರಶ್ನೆ. ಕೋಚ್ ಮಾವ ಅಂದ್ರೆ ಹೇಗಿರ್ತಾನೆ ಅಂತ ಇವ್ರೆಲ್ಲ ನೋಡ್ಲಿ!"

"ಅಪ್ಪ ಎಷ್ಟು ಆಸೆಯಿಂದ ಬಂದಿದಾರೆ, ಅದಕ್ಕೂ ಅಡ್ಡಗಾಲು ಹಾಕ್ತೀರಲ್ಲ," ಎಂದು ಹೆಂಡತಿ ಮುಖ ಊದಿಸಿದಳು. ಅಷ್ಟರಲ್ಲಿ ಮೈಕಿನಲ್ಲಿ ಓಟಕ್ಕೆ ಕರೆ ಬಂತು. ಒಳಗಿನ ವಿಷಯ ಬಿಡಿಸಿ ಹೇಳಲು ಪುರಸೊತ್ತೇ ಸಿಗಲಿಲ್ಲ.

ಸೀಟಿ ಮೊಳಗಿತು. ಹೆಡ್ ಕ್ಲರ್ಕು ಸೀಟಿಗೂ ಮೊದಲೇ ಬಿದ್ದಿದ್ದರು. ಗಣಿತದ ಮೇಷ್ಟ್ರು ಬೂಟಿನ ಲೇಸು ಕಟ್ಟಲು ಕೂತರು, ಹಾಕಿಕೊಂಡಿದ್ದು ಚಪ್ಪಲಿ. ಲೈಬ್ರೇರಿಯನ್ ಯಾರಿಗೋ ಕೈ ಬೀಸುತ್ತ ನಿಂತೇಬಿಟ್ಟರು. ಅಧ್ಯಕ್ಷರು ಮನೆ ಬದಲಿಸುವಾಗ ಸಾಗಿಸುವ ಬೀರುವಿನಂತೆ ಆ ಕಡೆ ಈ ಕಡೆ ವಾಲುತ್ತ ಹೊರಟರು. ಮಾವ ಮಾತ್ರ ಹಗ್ಗ ಕಿತ್ತ ಕರುವಿನ ಹಾಗೆ ಚಿಮ್ಮಿದರು. ಹುಡುಗರು ಶಿಳ್ಳೆ ಹೊಡೆದರು.

ಅಂಚಿನಲ್ಲಿ ಓಡುತ್ತ ಕೋಚು ಗೋಗರೆದ. "ಮಾವ, ನಿಧಾನ! ಕಾಲಿಗೆ ಬೀಳ್ತೀನಿ, ನಿಧಾನ!"

"ಹೆದರ್ಬೇಡಿ! ನನಗೇನೂ ಆಗಲ್ಲ!"

ಇನ್ನು ಹತ್ತು ಹೆಜ್ಜೆ ಬಿಟ್ಟರೆ ಕೆಲಸ ಹೋಯಿತು. ಕೋಚು ಹಿಂದೆ ಮುಂದೆ ನೋಡದೆ ಟ್ರ್ಯಾಕಿಗೆ ನುಗ್ಗಿ ಮಾವನನ್ನು ತಬ್ಬಿಕೊಂಡ. "ಎದೆ ನೋವು! ಮಾವನಿಗೆ ಎದೆ ನೋವು! ಸ್ಟ್ರೆಚರ್ ತನ್ನಿ!"

"ಯಾರಿಗ್ರೀ ಎದೆ ನೋವು? ಬಿಡ್ರೀ ನನ್ನ!" ಮಾವ ಕೊಸರಾಡಿದರು. ಕೇಳುವವರು ಯಾರು? ನಾಲ್ಕು ಜನ ಸೇರಿ ಅವರನ್ನು ಸ್ಟ್ರೆಚರಿನ ಮೇಲೆ ಕೆಡವಿ ಬೆಲ್ಟು ಬಿಗಿದರು. ಹೆಂಡತಿ ಅಳುತ್ತ ಓಡಿ ಬಂದಳು. ಆ ಗಲಾಟೆಯ ಪಕ್ಕದಲ್ಲೇ ಅಧ್ಯಕ್ಷರು ತೇಕುತ್ತ ಬಂದು ದಾರ ಮುಟ್ಟಿದರು. ಪ್ರಿನ್ಸಿಪಾಲರು ದೂರದಿಂದಲೇ ಕೋಚಿಗೆ ಹೆಬ್ಬೆರಳು ತೋರಿಸಿದರು. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಪದಕ ಹಾಕಿಸಿಕೊಂಡ ಅಧ್ಯಕ್ಷರು ಮೈಕು ಹಿಡಿದರು.

"ನೋಡಿ, ನನಗೆ ಯಾವ ಕೋಚೂ ಇರಲಿಲ್ಲ. ನಾನೇ ಓಡಿದೆ, ನಾನೇ ಕಲಿತೆ, ಎಲ್ಲರನ್ನೂ ಸೋಲಿಸಿದೆ! ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಗೆಲ್ಲಬಹುದು. ಹಾಗಿದ್ಮೇಲೆ ಕಾಲೇಜಿಗೆ ಕೋಚ್ ಯಾಕ್ರೀ? ಸಂಜೆ ಮೀಟಿಂಗಿನವರೆಗೂ ಕಾಯೋದೇ ಬೇಡ. ಆ ಹುದ್ದೆ ಈಗಲೇ ರದ್ದು!"

ಎಲ್ಲ ಬಯಲು ಮಾಡುತ್ತೇನೆಂದು ವೇದಿಕೆಯ ಕಡೆ ನುಗ್ಗಿದ ಕೋಚಿನ ರಟ್ಟೆಯನ್ನು ಪ್ರಿನ್ಸಿಪಾಲರು ಹಿಡಿದರು.

"ಸುಮ್ನಿರಿ."

"ಇನ್ನೇನು ಸಾರ್ ಸುಮ್ನಿರೋದು? ಕೆಲಸವೇ ಹೋಯ್ತಲ್ಲ!"

"ಬೇರೆ ಕಡೆ ಕೆಲಸ ಕೇಳೋಕೆ ಅನುಭವದ ಸರ್ಟಿಫಿಕೇಟು ಬೇಡ್ವೇನ್ರೀ? ಅದಕ್ಕೆ ಸಹಿ ಹಾಕೋರು ಅಧ್ಯಕ್ಷರೇ."

ಮೇಲಿನಿಂದ ಅಧ್ಯಕ್ಷರು ಇವನನ್ನೇ ನೋಡಿ, "ಏನ್ರೀ ಕೋಚ್, ನಾನು ಹೇಳಿದ್ದು ಸರಿ ತಾನೆ?" ಎಂದು ಮೈಕಿನಲ್ಲೇ ಕೇಳಿದರು.

"ನೂರಕ್ಕೆ ನೂರು ಸರಿ ಸಾರ್," ಅಂದ ಕೋಚು ಚಪ್ಪಾಳೆ ಶುರು ಮಾಡಿದ. ಮೈದಾನಕ್ಕೆ ಮೈದಾನವೇ ತಟ್ಟಿತು.

ಪಕ್ಕದಲ್ಲಿ ಸ್ಟ್ರೆಚರಿನ ಮೇಲಿಂದಲೇ ಮಾವ ಕತ್ತೆತ್ತಿದರು. "ಅಯ್ಯೋ ಅಳಿಯಂದ್ರೇ, ನನ್ನ ಪಾಡಿಗೆ ನನ್ನ ಬಿಟ್ಟಿದ್ರೆ ಗೆಲ್ತಿದ್ನಲ್ರೀ! 'ಕೋಚಿನ ಮಾವನೇ ಹೀಗೆ ಓಡ್ತಾನೆ, ಇನ್ನು ಕೋಚು ಹೇಗಿರ್ಬೇಕು' ಅಂತ ಇದೇ ಮನುಷ್ಯ ನಿಮ್ಮನ್ನ ಖಾಯಂ ಮಾಡ್ತಿದ್ನಲ್ರೀ!"

ಕೋಚು ತಟ್ಟುತ್ತಲೇ ಇದ್ದ. ಅಧ್ಯಕ್ಷರು ಇನ್ನೂ ಇವನ ಕಡೆಗೇ ನೋಡುತ್ತಿದ್ದರು, ಚಪ್ಪಾಳೆ ನಿಲ್ಲಿಸುವ ಹಾಗಿರಲಿಲ್ಲ.