ಬ್ರಿಟನ್ನಿನ ಕುರ್ಚಿ, ವಸಂತಪುರದ ವಾಲ್ವು

ಬ್ರಿಟನ್ ದೇಶವನ್ನು ನಡೆಸುವವರು ಯಾರು ಎಂದು ನಿಮ್ಮ ಶಾಲೆಯ ಪುಸ್ತಕದಲ್ಲಿ ಏನೇ ಬರೆದಿರಲಿ ಮಕ್ಕಳೇ, ನಂಬಬೇಡಿ. ಅದನ್ನು ನಡೆಸುತ್ತಿರುವುದು ನಮ್ಮ ವಸಂತಪುರದಲ್ಲಿ, ಪಕ್ಕದ ಮನೆಯ ಜಗಲಿಯಲ್ಲಿ, ಮಡಿಸುವ ಕುರ್ಚಿಯ ಮೇಲೆ ಕುಳಿತಿರುವ ನಮ್ಮ ಭಾವ! ನಿಮ್ಮ ತಾತನ ಅಣ್ಣ, ನೀವು ದೊಡ್ಡತಾತ ಎನ್ನುವವರು. ಆ ದೇಶದವರಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ, ಅಷ್ಟೆ. ತಿಳಿದಿದ್ದರೆ ಇಷ್ಟು ಸಲ ಪ್ರಧಾನಿಯನ್ನು ಬದಲಾಯಿಸುವ ತೊಂದರೆ ಅವರಿಗೆ ಬರುತ್ತಿರಲಿಲ್ಲ.

ಭಾವನವರು ಲಂಡನ್ನಿಗೆ ಹೋದವರಲ್ಲ. ಅವರು ಕಂಡ ದೂರದ ಊರೆಂದರೆ ತುಮಕೂರು, ಅದೂ ಜೋಡಿ ಎತ್ತು ತರುವುದಕ್ಕೆ. ನಮ್ಮ ರಾಗಿ ಹೊಲ ಬಡಾವಣೆಯಾಗಿ, ಸಾಲುಗಳಿದ್ದ ಕಡೆ ಮೂರು ಮಹಡಿಯ ಮನೆಗಳೆದ್ದ ಮೇಲೆ ಅವರಿಗೆ ಬೇಕಾದಷ್ಟು ಬಿಡುವು. ಕಣ್ಣಿನ ಪೊರೆ ತೆಗೆಸಿಕೊಂಡಾಗ ಡಾಕ್ಟರು ಹದಿನೈದು ದಿನ ಬಿಸಿಲಿಗೆ ಹೋಗಬೇಡಿ ಎಂದರು. ಕರಿ ಕನ್ನಡಕ ಹಾಕಿಕೊಂಡು ಟಿವಿಯ ಮುಂದೆ ಕೂತರು. ಆ ಹದಿನೈದು ದಿನದಲ್ಲೇ ಬ್ರಿಟನ್ನಿನ ಆಡಳಿತ ಪಕ್ಷದವರು ತಮ್ಮ ನಾಯಕನನ್ನು ಇಳಿಸಿ ಹೊಸಬರನ್ನು ಹುಡುಕುವುದಕ್ಕೆ ಹೊರಡಬೇಕೇ! ಕಣ್ಣಿನ ಪೊರೆ ಹೋಯಿತು, ಬ್ರಿಟನ್ ಉಳಿದುಕೊಂಡಿತು.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಸೊಪ್ಪಿನವಳು ಗಾಡಿ ತಳ್ಳಿಕೊಂಡು ಬಂದರೆ ಸಾಕು.

"ಇನ್ನೂರು ವರ್ಷ ನಮ್ಮನ್ನ ಆಳಿದ ಮಂದಿ ಕಣಮ್ಮ! ಈಗ ಒಬ್ಬನ್ನ ತಂದು ಕುರ್ಚಿ ಮೇಲೆ ಕೂರ್ಸೋಕೆ ವಾರಗಟ್ಲೆ ಬೇಕಂತೆ!"

"ಹೌದಾ ಸ್ವಾಮಿ? ದಂಟು ಎರಡು ಕಟ್ಟು ಕೊಡ್ಲಾ?"

"ಅಲ್ಲಿ ಜನ ಉರೀತಾವ್ರೆ!"

"ಇಲ್ಲೂ ಬಿಸಿಲು ಅಂಗೇ ಅಲ್ವಾ. ಬೇಗ ಹೇಳಿ, ಸೊಪ್ಪು ಬಾಡೋಯ್ತದೆ."

ಭಾವನವರು ನಾಲ್ಕು ಕಟ್ಟು ತೆಗೆದುಕೊಂಡರು. ನಿಂತು ಕೇಳಿಸಿಕೊಂಡವಳಿಗೆ ಅಷ್ಟಾದರೂ ಮರ್ಯಾದೆ ಮಾಡಬೇಡವೇ! ಆ ವಾರವೆಲ್ಲ ಅವರ ಮನೆಯಲ್ಲೂ ದಂಟಿನ ಸಾರು, ನಮ್ಮ ಮನೆಯಲ್ಲೂ ದಂಟಿನ ಸಾರು.

ಟಿವಿಯವರು ಹೇಳುವುದು ಅವರಿಗೆ ಸಾಲುತ್ತಿರಲಿಲ್ಲ. ಒಳಗಿನ ಸುದ್ದಿ ಬೇಕು. ಅದಕ್ಕೆ ಸಿಕ್ಕಿದವಳು ನೇತ್ರಾ. ನಮ್ಮ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇರುವ ಹುಡುಗಿ, ಅವಳು ಮತ್ತು ಅವಳ ತಾಯಿ ಇಬ್ಬರೇ. ಬ್ರಿಟನ್ನಿನ ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕಂಪನಿಯಲ್ಲಿ ಕೆಲಸ. ಭಾವನವರ ಲೆಕ್ಕದಲ್ಲಿ ಅವಳು ದಿನಾ ಲಂಡನ್ನಿಗೆ ಹೋಗಿ ಬರುವವಳು. ಬೆಳಿಗ್ಗೆ ನಮ್ಮ ಮೆಟ್ಟಿಲಿನಲ್ಲಿ ಅಡ್ಡಗಟ್ಟಿ ನಿಲ್ಲಿಸುತ್ತಿದ್ದರು.

"ಏನಂತಮ್ಮ ನಿಮ್ಮ ಲಂಡನ್ನು?"

"ಮೊದಲು ಎಂಪಿಗಳೇ ಓಟು ಹಾಕಿ ಇಬ್ಬರನ್ನ ಉಳಿಸ್ತಾರಂತೆ ಅಂಕಲ್. ಆಮೇಲೆ ಪಾರ್ಟಿ ಮೆಂಬರ್ಸ್ ಅದ್ರಲ್ಲಿ ಒಬ್ಬರನ್ನ ಆರಿಸ್ತಾರೆ."

"ಮಿಕ್ಕ ಜನ?"

"ಮಿಕ್ಕ ಜನ ಟಿವಿ ನೋಡ್ತಾರೆ. ನಿಮ್ ಥರಾನೇ."

ಭಾವನವರು ಮೆಟ್ಟಿಲ ಕಂಬಿ ಹಿಡಿದುಕೊಂಡರು. "ಏನು? ನಾಲ್ಕು ಜನ ಮೆಂಬರು ಕೈ ಎತ್ತಿಬಿಟ್ರೆ ಇಡೀ ದೇಶಕ್ಕೆ ಯಜಮಾನನಾ? ಬಾಳಿ ಬದುಕೋ ಜನ ಬಾಯಿ ಮುಚ್ಕೊಂಡು ಕೂತಿರ್ಬೇಕಾ? ಇವರ ಓಟು ಅವರು ಹಾಕೋದು ಅಂದ್ರೆ ಏನು? ನಾಚ್ಕೆ ಬೇಡ್ವಾ?"

"ನಮ್ಮ ಕಸ್ಟಮರ್ಸೂ ಫೋನಲ್ಲಿ ಹಿಂಗೇ ಬೈತಾರೆ ಅಂಕಲ್, ಸಖತ್ ಕೋಪದಲ್ಲಿದಾರೆ. ಅದಿರ್ಲಿ, ಮೇಲ್ಗಡೆ ಇವತ್ತೂ ನೀರು ಹತ್ತಿಲ್ಲ."

"ಅದು ಬೇರೆ ವಿಷಯ," ಎಂದರು ಭಾವ, ಇಳಿದು ಹೋದರು.

ಅದು ನಿಜವಾಗಿ ಬೇರೆ ವಿಷಯವೇ? ನೀವೇ ಹೇಳಿ. ನಮ್ಮ ಬೀದಿಯಲ್ಲಿ ಹನ್ನೊಂದು ಸೈಟುಗಳಿವೆ. ಎಲ್ಲಕ್ಕೂ ಸೇರಿ ಒಂದು ಕೊಳವೆಬಾವಿ, ಅದಕ್ಕೊಂದು ನೀರಿನ ಸಂಘ, ಸಂಘಕ್ಕೆ ಮೊದಲ ದಿನದಿಂದ ಭಾವನವರೇ ಅಧ್ಯಕ್ಷರು. ವಾಲ್ವು ತಿರುಗಿಸುವ ತೋಳುದ್ದದ ಕಬ್ಬಿಣದ ಕೀಲಿ ಅವರ ದೇವರಮನೆ ಬಾಗಿಲ ಹಿಂದೆ ತೂಗಾಡುತ್ತಿತ್ತು. ಬೆಳಿಗ್ಗೆ ಆರಕ್ಕೆ ತಾವೇ ಹೋಗಿ ತಿರುಗಿಸುವರು, ಆರೂವರೆಗೆ ಮುಚ್ಚುವರು. ಅಷ್ಟರಲ್ಲಿ ಕೆಳಗಿನ ತೊಟ್ಟಿಗಳು ತುಂಬುತ್ತಿದ್ದವು. ಮೂರನೇ ಮಹಡಿಯ ಟ್ಯಾಂಕಿಗೆ ನೀರು ಹತ್ತುವ ಹೊತ್ತಿಗೆ ವಾಲ್ವು ಬಂದ್! ಯಾರಾದರೂ ಕೇಳಿದರೆ, "ಬಾವಿ ಬತ್ತೋದ್ರೆ ನೀನು ತುಂಬುಸ್ತೀಯಾ?" ಎನ್ನುವರು. ಬೇಸಾಯ ಮಾಡಿದ ಜೀವ, ನೀರೆಂದರೆ ಭಯ.

ಕೆಳಗಿನ ಮನೆಗಳಲ್ಲಿ ಇರುವವರು ಸೈಟಿನ ಯಜಮಾನರು, ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು. ಸಂಘದ ಸಭೆಯಲ್ಲಿ ಓಟೆಂದರೆ ಕೈ ಎತ್ತುವುದು, ಒಂದು ಸೈಟಿಗೆ ಒಂದು ಕೈ. ಬಾಡಿಗೆಯವರಿಗೆ ಕೈಯಿಲ್ಲ. ಈ ಕಾಯಿದೆ ಬರೆದವರು ಯಾರು? ಬ್ರಿಟನ್ನಿನ ಜನರಿಗಾಗಿ ಮರುಗುತ್ತಿದ್ದ ನಮ್ಮ ಭಾವನವರೇ!

ನೇತ್ರಾಳ ತಾಯಿಗೆ ಸೊಂಟ ನೋವು. ಆದರೂ ನಮ್ಮ ಕೆಳಗಿನ ತೊಟ್ಟಿಯಿಂದ ಬಿಂದಿಗೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದಳು. ನಾವಿಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂತು ಅವರೆಕಾಯಿ ಸುಲಿಯುವವರು. ನಿಮ್ಮ ತಾತ ಹೋದ ಮೇಲೆ ನನಗೆ ಮಾತಿಗಿದ್ದವಳು ಅವಳೊಬ್ಬಳೇ. ಒಂದು ದಿನ ಕಾಯಿ ಬಿಡಿಸುತ್ತಲೇ ಹೇಳಿದಳು, "ಅಕ್ಕಾ, ಈ ತಿಂಗಳು ನೋಡ್ತೀವಿ. ಆಗ್ಲಿಲ್ಲಾಂದ್ರೆ ಹುಳಿಮಾವಲ್ಲಿ ಒಂದು ಮನೆ ನೋಡಿದಾಳೆ ನೇತ್ರಾ." ಆ ದಿನ ನಾನು ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕಿದೆ.

ಮಾರನೆಯ ವಾರ ಮೇಲಿನ ಮಹಡಿಗಳ ಬಾಡಿಗೆಯವರೆಲ್ಲ ಖಾಲಿ ಬಿಂದಿಗೆ ಹಿಡಿದು ಭಾವನವರ ಗೇಟಿಗೆ ಬಂದರು. ಅದಕ್ಕೆ ಹಿಂದಿನ ದಿನವೇ ಭಾವನವರು ಟಿವಿಯಲ್ಲಿ ಬ್ರಿಟನ್ನಿನ ಆ ಇಳಿದುಹೋದ ಪ್ರಧಾನಿ ಹಿಂದೆ ರಾಜೀನಾಮೆ ಕೊಟ್ಟಿದ್ದ ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದರು. ಅಲ್ಲಿ ಪ್ರಧಾನಿಯ ಮನೆ ಬಾಗಿಲಿನ ಮುಂದೆ ಒಂದು ಮರದ ಪೀಠ, ಅದರ ಹಿಂದೆ ನಿಂತು ಗಂಭೀರವಾಗಿ ನಾಲ್ಕು ಮಾತು. "ಕೊಟ್ರೆ ಹಿಂಗೆ ಕೊಡ್ಬೇಕು," ಎಂದು ನನ್ನನ್ನೂ ಕರೆದು ತೋರಿಸಿದ್ದರು.

"ನೀರು ಬಿಡಿ ಅಂಕಲ್!" ಎಂದರು ಜನ.

"ತಡೀರಿ," ಎಂದು ಒಳಗೆ ಹೋದರು. ಬಿಳಿ ಶರ್ಟು ತೊಟ್ಟು ಬಂದರು. ಗೇಟಿನ ಪಕ್ಕ ಬಟ್ಟೆ ಇಸ್ತ್ರಿ ಮಾಡುವವನ ಮೇಜನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಕೆಮ್ಮಿದರು.

"ಮಹಾಜನರೇ, ಈ ಬೀದಿಗೆ ನಾನು ಮಾಡಬೇಕಾದ್ದೆಲ್ಲ ಮಾಡಿದೀನಿ. ನಿಮ್ಗೆ ನನ್ನ ಮೇಲೆ ನಂಬಿಕೆ ಇಲ್ಲಾಂತಂದ್ರೆ, ಇಗೋ, ಈ ಗಳಿಗೆ ರಾಜೀನಾಮೆ ಕೊಟ್ಟಿದೀನಿ!"

ಹೇಳಿ ನಿಂತರು. "ಅಯ್ಯೋ ಬೇಡಿ, ನೀವಿಲ್ಲದಿದ್ದರೆ ಹೇಗೆ" ಎಂದು ಯಾರಾದರೂ ಹೇಳಲೆಂದು ಕಾದರು. ಕೊನೆಗೆ ಇಸ್ತ್ರಿಯವನು ಬಾಯಿಬಿಟ್ಟ.

"ಅಣ್ಣಾ, ಪೆಟ್ಟಿಗೆ ಬಿಸಿ ಐತೆ, ಕೈ ಹುಷಾರು."

ಮೂಲೆ ಮನೆಯ ಲೆಕ್ಕದ ಮೇಷ್ಟರು, ಈಗ ನಿವೃತ್ತರು, ಅವರೂ ಒಂದು ಸೈಟಿನ ಯಜಮಾನರು, ಮುಂದೆ ಬಂದು, "ರಾಜೀನಾಮೆ ಅಂಗೀಕಾರ ಆಗಿದೆ. ಮುಂದಿನ ಭಾನುವಾರ ಚುನಾವಣೆ. ನಾನು ನಿಲ್ತೀನಿ. ನಾನು ಗೆದ್ರೆ ಬಾಡಿಗೆಯವ್ರಿಗೂ ಸಂಘದಲ್ಲಿ ಒಂದೊಂದು ಕೈ, ವಾಲ್ವು ಒಂದು ಗಂಟೆ," ಎಂದರು.

"ನಾನೂ ನಿಲ್ತೀನಿ!" ಎಂದರು ಭಾವ.

"ಈಗಷ್ಟೇ ರಾಜೀನಾಮೆ ಕೊಟ್ರಲ್ಲ?"

"ಕೊಟ್ಟಿದ್ದು ಬೇಜಾರಿಗೆ. ನಿಲ್ತಿರೋದು ಸೇವೆಗೆ. ಅಲ್ಲಿವರ್ಗೂ ಕೀಲಿ ನನ್ನತ್ರಾನೇ. ಲಂಡನ್ನಲ್ಲೂ ಅಂಗೇ, ಬೇಕಾದ್ರೆ ನೇತ್ರಾನ ಕೇಳಿ!"

ಆ ವಾರವಿಡೀ ಅವರು ವಾಲ್ವನ್ನು ಒಂದು ನಿಮಿಷವೂ ಹೆಚ್ಚಿಗೆ ತೆರೆಯಲಿಲ್ಲ. ಹಂಗಾಮಿ ಅಧ್ಯಕ್ಷರು ದೊಡ್ಡ ತೀರ್ಮಾನ ಮಾಡುವಂತಿಲ್ಲವಂತೆ! ಬೀದಿಯ ಗಂಡಸರು ಲೆಕ್ಕ ಹಾಕಿದರು. ಭಾವನವರ ಕಡೆ ಆರು ಕೈ, ಮೇಷ್ಟರ ಕಡೆ ಐದು. ಆ ಆರರಲ್ಲಿ ಒಂದು ಕೈ ನನ್ನದು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಿಮ್ಮ ತಾತ ತೀರಿಕೊಂಡ ಮೇಲೆ ಸೈಟು ನನ್ನ ಹೆಸರಿಗಾಯಿತು, ಕೈಯೂ ನನ್ನದಾಯಿತು. ಆದರೆ ನಾನು ಸಭೆಗೆ ಹೋದವಳಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ, ಹಾಜರಿ ಕರೆದಾಗ ನಾನು ಬಂದಿದ್ದೇನೆ ಎಂದು ಪಕ್ಕದ ಹುಡುಗಿ ಹೇಳಬೇಕಾಗಿತ್ತು! ಹಾಗಾಗಿ ಒಂಬತ್ತು ವರ್ಷದಿಂದ ಭಾವನವರೇ ಸಭೆಯಲ್ಲಿ ಎರಡೂ ಕೈ ಎತ್ತುತ್ತಿದ್ದರು. ಬಲಗೈ ತಮ್ಮ ಸೈಟಿನದು, ಎಡಗೈ ನಮ್ಮ ಸೈಟಿನದು. ಹೊಸಬರು ಯಾರಾದರೂ ನೋಡಿದರೆ ಪೊಲೀಸರು ಹಿಡಿದರೋ ಏನೋ ಎಂದುಕೊಳ್ಳಬೇಕು! ಬೀದಿಯವರಿಗೆ ಮಾತ್ರ ರೂಢಿಯಾಗಿ ಹೋಗಿತ್ತು. ನನಗೂ ಅದರಿಂದ ನೆಮ್ಮದಿಯೇ ಆಗಿತ್ತು. ಸುಳ್ಳೇಕೆ ಹೇಳಲಿ?

ಶನಿವಾರ ನೇತ್ರಾ ಕೆಲಸಕ್ಕೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತಳು.

"ಆಂಟಿ, ನಂಗೆ ಓಟಿಲ್ಲ, ಅಮ್ಮಂಗೆ ಓಟಿಲ್ಲ. ನಿಮ್ಗಿದೆ. ಅಂಕಲ್ ಹಾಕೋದು ನಿಮ್ಮ ಓಟು ತಾನೇ?"

"ಅವ್ರು ಹಿರಿಯರು ಕಣಮ್ಮ," ಎಂದೆ.

"ಹೌದು ಆಂಟಿ," ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಪಂಪ್ ಮನೆಯ ಮುಂದೆ ಸಭೆ. ನಾನು ಹೋದೆ. ನೇತ್ರಾಳ ತಾಯಿಯ ಜೊತೆ, ಬಾಡಿಗೆಯವರ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತೆ. "ನನ್ನ ಕೈ ನಾನೇ ಎತ್ತುತ್ತೇನೆ ಭಾವ" ಎಂದು ಮೊದಲೇ ಹೇಳಿಬಿಡಬೇಕು ಎಂದು ಸ್ನಾನ ಮಾಡುವಾಗ ಹತ್ತು ಸಲ ಹೇಳಿಕೊಂಡಿದ್ದೆ. ಅಲ್ಲಿ ಹೇಳುವ ಬದಲು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಕೈ ಎಣಿಸುವ ಕೆಲಸ ಇಸ್ತ್ರಿಯವನದು. ಅವನಿಗೆ ಈ ಬೀದಿಯಲ್ಲಿ ಸೈಟೂ ಇಲ್ಲ, ಬಾಡಿಗೆ ಮನೆಯೂ ಇಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ.

"ದೊಡ್ಡೋರ ಕಡೆ ಯಾರು, ಕೈ ಎತ್ತಿ," ಎಂದ.

ನಾಲ್ಕು ಕೈ ಮೇಲೆದ್ದವು. ಭಾವನವರು ಎಂದಿನಂತೆ ಬಲಗೈ ಎತ್ತಿದರು, ಎಡಗೈ ಎತ್ತಿದರು.

"ಆರು. ಇಳ್ಸಿ. ಮೇಷ್ಟ್ರ ಕಡೆ?"

ಐದು ಕೈ ಎದ್ದವು. ನನ್ನ ಕೈ ಯಾವಾಗ ಎದ್ದಿತೋ ನನಗೇ ಗೊತ್ತಾಗಲಿಲ್ಲ. ಕಿವಿಯವರೆಗೆ ಬಂದು, ಅಲ್ಲೇ ಸೆರಗು ಸರಿಮಾಡುವ ನೆಪ ಮಾಡಿಕೊಂಡು ನಿಂತಿತು.

"ಒಂದು, ಎರಡು... ಐದು... ಆರು!" ಎಂದ ಇಸ್ತ್ರಿಯವನು. ಮತ್ತೆ ಎಣಿಸಿದ. "ಆಕಡೆ ಆರು, ಈಕಡೆ ಆರು. ಇರೋ ಸೈಟು ಹನ್ನೊಂದು, ಕೈ ಹನ್ನೆರಡು ಅದೆಂಗೆ ಗುರು ಬಂತು?"

ಗಲಾಟೆಯೋ ಗಲಾಟೆ! "ಮೋಸ" ಎಂದರು ಒಬ್ಬರು. "ಬಾಡಿಗೆಯವ್ರು ಎತ್ತಿದಾರೆ, ಹಿಡೀರಿ" ಎಂದರು ಇನ್ನೊಬ್ಬರು. ಮೇಷ್ಟರು, "ಗಣಿತದಲ್ಲಿ ಇದು ಸಾಧ್ಯವೇ ಇಲ್ಲ" ಎಂದರು. ಅಷ್ಟರಲ್ಲಿ ಎಲ್ಲರಿಗೂ ನನ್ನ ಕೈ ಕಾಣಿಸಿಬಿಟ್ಟಿತು. ಭಾವನವರ ಕಡೆಯ ಒಬ್ಬರು, "ಅಮ್ಮಾ, ನಿಮ್ಮದು ಆಗ್ಲೇ ಲೆಕ್ಕಕ್ಕೆ ಬಂದೈತೆ, ಕೈ ಇಳ್ಸಿ," ಎಂದರು.

ಇಳಿಸಿಬಿಡುತ್ತಿದ್ದೆ ಮಕ್ಕಳೇ, ದೇವರಾಣೆಗೂ ಇಳಿಸಿಬಿಡುತ್ತಿದ್ದೆ. ಆದರೆ ಮೊಣಕೈಗೆ ಆಸರೆ ಕೊಟ್ಟಂತೆ ನೇತ್ರಾಳ ತಾಯಿ ಪಕ್ಕದಲ್ಲಿ ಅಂಟಿ ನಿಂತಿದ್ದಳು. ಭಾವನವರು ತಿರುಗಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಎಡಗೈಯನ್ನು ನೋಡಿಕೊಂಡರು.

"ನನ್ನ ಎಡಗೈ ತೆಗ್ದಾಕಪ್ಪ," ಎಂದರು ಇಸ್ತ್ರಿಯವನಿಗೆ. "ಅದು ಲೆಕ್ಕಕ್ಕಿಲ್ಲ."

ಐದಕ್ಕೆ ಆರು. ಮೇಷ್ಟರು ಗೆದ್ದರು. ಭಾವನವರು ಮನೆಗೆ ಹೋಗಿ ಕೀಲಿ ತಂದು ಅವರ ಕೈಗಿಟ್ಟರು. "ಎಡಕ್ಕೆ ಎರಡೂವರೆ ಸುತ್ತು. ಜೋರಾಗಿ ತಿರುಗಿಸ್ಬ್ಯಾಡಿ, ಹಳೇದು," ಎಂದಷ್ಟೇ ಹೇಳಿದರು. ಬಾಡಿಗೆಯವರು ಚಪ್ಪಾಳೆ ತಟ್ಟಿದರು. ನೇತ್ರಾ ಅವಳ ತಾಯಿಯನ್ನು ಅಪ್ಪಿಕೊಂಡಳು. ಎಲ್ಲರೂ ವಾಲ್ವಿನ ಕಡೆ ಹೋದರು. ಭಾವನವರು ಪಂಪ್ ಮನೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತರು.

ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಭಾವನವರ ಎದುರು ಕೂತವಳಲ್ಲ. ಅಂದು ಅದೇ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಕೂತೆ.

"ಬೇಜಾರಾಯ್ತಾ ಭಾವ?"

"ಸೋತಿದ್ದಕ್ಕಲ್ಲ ಕಣವ್ವ," ಎಂದರು. "ನಿನ್ನ ಕೈ ನೀನು ಎತ್ತಿದ್ದು ಸರಿ. ಆದ್ರೆ ಅದು ನಿನ್ನದು ಅಂತ ನಾನು ಒಂದ್ ಸಲಾನೂ ಎತ್ತಿರ್ಲಿಲ್ಲ. ನನ್ನ ತಮ್ಮಂದು ಅಂತ ಎತ್ತುತಿದ್ದೆ. ಅಷ್ಟೊತ್ತು... ಪಕ್ಕದಲ್ಲೇ ನಿಂತವ್ನೇನೋ ಅನ್ನಿಸೋದು."

ನಿಮ್ಮ ತಾತ ಹೋದ ದಿನ ಅವರು ಅತ್ತಿರಲಿಲ್ಲ. ಶಾಮಿಯಾನ, ಕುರ್ಚಿ, ಬಂದವರಿಗೆ ಕಾಫಿ ಎಂದು ಓಡಾಡಿದ್ದರು. ನಾನೂ ಅಷ್ಟು ಜನರ ಮುಂದೆ ಅಳುವುದಕ್ಕೆ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಒಂಬತ್ತು ವರ್ಷದ ಮೇಲೆ, ಬೀದಿಯವರೆಲ್ಲ ನೀರು ನೋಡುವುದಕ್ಕೆ ಹೋಗಿದ್ದಾಗ, ಆ ಮೆಟ್ಟಿಲ ಮೇಲೆ ನಾವಿಬ್ಬರೂ ಅತ್ತೆವು ಮಕ್ಕಳೇ. ಅವರು ಆ ಕಡೆಗೆ ತಿರುಗಿಕೊಂಡು, ನಾನು ಈ ಕಡೆಗೆ ತಿರುಗಿಕೊಂಡು.