ಇಪ್ಪತ್ತೈದು ಕೋಟಿ ವರ್ಷದ ಬೂದಿ, ಮೂರು ದಿನದ ಅನುಮಾನ

ನನ್ನ ಕೆಲಸ ಏನೆಂದು ಕೇಳಿ, ಉತ್ತರ ಕೇಳಿಸಿಕೊಂಡ ಮೇಲೂ ನನ್ನನ್ನು ನಂಬಿದವರು ನಮ್ಮ ಕಡೆ ಯಾರೂ ಇಲ್ಲ. ಕಲ್ಲಿದ್ದಲ ಪದರಗಳ ನಡುವೆ ಬೆರಳು ದಪ್ಪದ ಬೂದಿಯ ಪದರ ಸಿಗುತ್ತದೆ. ಎಂದೋ ಜ್ವಾಲಾಮುಖಿ ಉಗುಳಿದ್ದು. ಭೂಮಿಯ ಮೇಲಿನ ಜೀವಿಗಳಲ್ಲಿ ಹೆಚ್ಚಿನವು ಅಳಿದುಹೋದ ಕಾಲದ್ದು. ಅದರ ವಯಸ್ಸು ಹೇಳುವುದು ಬೆಂಗಳೂರಿನ ನಮ್ಮ ಪ್ರಯೋಗಾಲಯದ ಕೆಲಸ. ಎಂಬತ್ತರ ದಶಕದ ಕೊನೆಗೆ ಒಮ್ಮೆ ದೂರದ ಕಲ್ಲಿದ್ದಲ ಗಣಿಯಿಂದ ಬೂದಿ ಚೀಲ ಹೊತ್ತು ನೇರ ಗೌರಿಬಿದನೂರಿನ ಮನೆಗೆ ಹೊರಟೆ. ಭಾನುವಾರ ಗಂಡಿನ ಕಡೆಯವರು ಬರುವವರಿದ್ದರು. ನನ್ನ ಕೆಲಸ ಕೇಳಿಯೇ ಎರಡು ಸಂಬಂಧ ಜಾರಿದ್ದವು. ಅಮ್ಮನಿಗೆ ಈ ಸಂಬಂಧ ತಪ್ಪಬಾರದು, ನನಗೆ ಕೆಲಸ ತಪ್ಪಬಾರದು.

ಗಡಿಯಲ್ಲಿ

ಹಿಂದೂಪುರದಿಂದ ಬರುತ್ತಿದ್ದ ಬಸ್ಸನ್ನು ತಡೆದ ಚೆಕ್‌ಪೋಸ್ಟಿನವರು ನನ್ನ ಚೀಲದ ಮೇಲೆ ಲಾಠಿ ಇಟ್ಟರು. ಬೂದಿ ಅಂದೆ. ಯಾರದ್ದು ಎಂದರು. ಬೆಂಕಿ ಉಗುಳಿದ ಬೆಟ್ಟದ್ದು ಅಂದೆ. ಅಷ್ಟು ದೂರದಿಂದ ಬೂದಿ ಹೊತ್ತು ತರೋಕೆ ನಿಮ್ಮ ಮನೆಯಲ್ಲಿ ಒಲೆ ಇಲ್ಲವೇ ಎಂದು ಮೂಸಿದರು, ನಾಲಿಗೆಗೂ ಹಚ್ಚಿಕೊಂಡರು. ಇಪ್ಪತ್ತೈದು ಕೋಟಿ ವರ್ಷದ್ದು ಎಂದಿದ್ದೇ ತಡ, ಅವರ ಮುಖ ಸಡಿಲವಾಯಿತು.

“ಹಳೇ ಸಾಮಾನು ಅಂತ ಮೊದ್ಲೇ ಹೇಳೋಕೇನಮ್ಮ? ಹಳೇದಕ್ಕೆ ಟ್ಯಾಕ್ಸ್ ಇಲ್ಲ, ಹೋಗಿ.”

ಹಿತ್ತಲಲ್ಲಿ

ಮರುದಿನ ಚಿಟಿಕೆ ಬೂದಿಯನ್ನು ತಟ್ಟೆಯ ನೀರಿನಲ್ಲಿ ಜಾಲಿಸಿ, ತಳದಲ್ಲಿ ಉಳಿದ ಹರಳುಗಳನ್ನು ಅಪ್ಪನಿಗೆ ಮಸೂರದಲ್ಲಿ ತೋರಿಸುತ್ತಿದ್ದೆ. ಗೋಡೆಯಾಚೆ ಪಕ್ಕದ ಮನೆಯಾಕೆಯ ತಲೆ ಕಂಡಿತು. ಚಿನ್ನವಾ ಎಂದರು. ಅಲ್ಲ ಅಂದೆ. ಚಿನ್ನ ಸಿಕ್ಕಿದವರು ಹೌದು ಅಂತಾರಾ ಎಂದು ತಾವೇ ಉತ್ತರ ಕೊಟ್ಟುಕೊಂಡು ಇಳಿದರು. ಸಂಜೆ ನಾನು ಇಣುಕಿದೆ. ತಮ್ಮ ಹಿತ್ತಲಲ್ಲಿ ಗುಂಡಿ ತೋಡಿ, ಅವರ ಮನೆಮಂದಿಯೆಲ್ಲ ಊಟದ ತಟ್ಟೆಗಳಲ್ಲಿ ಮಣ್ಣು ಜಾಲಿಸುತ್ತಿದ್ದರು.

“ಕೊತ್ತಂಬರಿ ಹಾಕಣ ಅಂತ ಕಣಮ್ಮ,” ಅಂದರು ಆಕೆ.

ಭಾನುವಾರ

ಚಿಂತಾಮಣಿಯಿಂದ ಗಂಡು, ಗಂಡಿನ ದೊಡ್ಡಮ್ಮ, ಮದುವೆ ದಲ್ಲಾಳಿ ಬಂದರು. ಉಪ್ಪಿಟ್ಟು ಕೈಗೆ ಬಂದರೂ ದೊಡ್ಡಮ್ಮನ ಕಣ್ಣು ಮಂಚದ ಕೆಳಗಿನ ಚೀಲದ ಮೇಲೆ. ಅಪ್ಪ ಬೂದಿ ಎಂದು ಬಾಯಿಬಿಟ್ಟು, ಅದರ ವಯಸ್ಸನ್ನೂ ಸೇರಿಸಿದರು. ಹೆಣ್ಣು ನೋಡುವ ದಿನ ಮನೆಯಲ್ಲಿ ಬೂದಿಯೇ, ಯಾರು ಸತ್ತಿದ್ದು ಎಂದು ಆಕೆ ತಟ್ಟೆ ಕೆಳಗಿಟ್ಟರು. ಬಹುಪಾಲು ಎಲ್ಲರೂ ಅಂದೆ. ಅಮ್ಮ ನನ್ನ ತೋಳು ಚಿವುಟಿದರು. ಗಂಡು ಮಾತ್ರ ತಣ್ಣಗೆ, “ಇಪ್ಪತ್ತೈದು ಕೋಟಿ ವರ್ಷ ಆಯ್ತಲ್ಲ ದೊಡ್ಡಮ್ಮ, ಸೂತಕ ಕಳೆದಿರತ್ತೆ,” ಅಂದ. ನನಗೆ ಆತ ಹಿಡಿಸಿಬಿಟ್ಟ.

ದೊಡ್ಡಮ್ಮ ಬಿಡಲಿಲ್ಲ. ಅಷ್ಟು ಹಳೆಯದೆಂದು ಯಾರು ಬರೆದಿಟ್ಟಿದ್ದರು ಎಂದರು. ಕೆಲಸದ ಮಾತೆತ್ತಬೇಡ ಎಂದು ಅಮ್ಮ ಹೇಳಿದ್ದೆಲ್ಲ ಮರೆತೆ. ಬರೆದಿಟ್ಟಿದ್ದನ್ನು ನಾವು ನಂಬುವುದೇ ಇಲ್ಲ, ಹರಳಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ, ಎರಡನ್ನೂ ಅಳೆದರೆ ನಿಜವಾದ ವಯಸ್ಸು ಸಿಕ್ಕಿಬೀಳುತ್ತದೆ, ಎಷ್ಟೇ ಮುಚ್ಚಿಟ್ಟರೂ ನಾನು ಕಂಡುಹಿಡಿಯುತ್ತೇನೆ ಎಂದೆ. ದೊಡ್ಡಮ್ಮ ಗಂಡಿನ ಮುಖ ನೋಡಿದರು. ಗಂಡು ದಲ್ಲಾಳಿಯ ಮುಖ ನೋಡಿದ. ಬಸ್ಸಿಗೆ ಹೊತ್ತಾಯಿತೆಂದು ಮೂವರೂ ಎದ್ದರು.

ವಾರದ ಮೇಲೆ ದಲ್ಲಾಳಿ ಒಬ್ಬನೇ ಬಂದ. ನನಗೆ ಬೇಜಾರಾಗಿತ್ತು. ಸೂತಕದ ಅನುಮಾನವೇ ಎಂದು ಅಮ್ಮ ಕೇಳಿದರು.

“ಇಲ್ಲಮ್ಮ. ಕಲ್ಲಿನ ವಯಸ್ಸನ್ನೇ ಬಿಡದೋಳು ನಮ್ಮ ಹುಡುಗನ ವಯಸ್ಸು ಬಿಡ್ತಾಳಾ ಅಂತ ಆ ದೊಡ್ಡಮ್ಮ ಹೆದರಿಬಿಟ್ಟವ್ರೆ.”

ಹಾಗಾದರೆ ಅವರು ಕೊಟ್ಟ ಜಾತಕದಲ್ಲಿದ್ದ ಮೂವತ್ತು ವರ್ಷ ಸುಳ್ಳೇ ಎಂದೆ. ಹೆಚ್ಚು ಕಡಿಮೆ ಸರಿ ಎಂದ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ನಾನು ಅಭ್ಯಾಸಬಲದಿಂದ ಕೇಳಿದೆ.

“ಕಡಿಮೆ ಏನಿಲ್ಲಮ್ಮ,” ಎಂದು ಅವನು ಚಪ್ಪಲಿ ಮೆಟ್ಟಿಕೊಂಡ. “ಎಂಟು ಹೆಚ್ಚು.”